ಮಗ್ಗಿ ಬರುತ್ತದೆ, ಗುಣಾಕಾರ ಬರುವುದಿಲ್ಲ: ಸಮ ಗುಂಪುಗಳನ್ನು ಕಥೆ ಮತ್ತು ಆಟದಿಂದ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಎರಡು ಮತ್ತು ಮೂರನೆಯ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತೇನೆ. ಹೆಚ್ಚಿನ ಮಕ್ಕಳು ಐದರವರೆಗಿನ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಆದರೆ 'ನಾಲ್ಕು ತಟ್ಟೆ ಇವೆ, ಒಂದೊಂದು ತಟ್ಟೆಯಲ್ಲಿ ಮೂರು ಮಿರ್ಚಿ ಇವೆ, ಒಟ್ಟು ಎಷ್ಟು ಮಿರ್ಚಿ?' ಎಂದು ಕೇಳಿದರೆ ಅದೇ ಮಕ್ಕಳು 'ಏಳು ರೀ ಅಕ್ಕಾರ' ಎನ್ನುತ್ತಾರೆ. ಕಥೆ, ಆಟಗಳಿಂದ ಕಲಿಸಿ ಎಂದು ತರಬೇತಿಯಲ್ಲಿ ಹೇಳುತ್ತಾರೆ. ಮಗ್ಗಿ ಬಾಯಿಪಾಠ ಮಾಡಿಸಿ ಎಂದು ಪಾಲಕರು ಹೇಳುತ್ತಾರೆ. ನಾನು ಎಲ್ಲಿಂದ ಆರಂಭಿಸಲಿ? ಮಗ್ಗಿಯನ್ನು ಬಿಟ್ಟೇಬಿಡಬೇಕೆ?

ಉತ್ತರ: ಮಕ್ಕಳು ಹೇಳುವ 'ಏಳು' ಎಂಬ ಉತ್ತರದಿಂದಲೇ ಆರಂಭಿಸೋಣ, ಏಕೆಂದರೆ ಕಲಿಸಬೇಕಾದದ್ದು ಏನು ಎಂಬುದನ್ನು ಅದೇ ತೋರಿಸಿಕೊಡುತ್ತದೆ. ಅದು ಗಮನವಿಲ್ಲದೆ ಕೊಟ್ಟ ಉತ್ತರವಲ್ಲ. ಆ ಮಗು ಇಲ್ಲಿಯವರೆಗೆ ಮಾಡಿದ ಲೆಕ್ಕಗಳಲ್ಲೆಲ್ಲ ಎರಡೂ ಸಂಖ್ಯೆಗಳು ಒಂದೇ ಬಗೆಯ ವಸ್ತುವನ್ನು ಎಣಿಸುತ್ತಿದ್ದವು: ನಾಲ್ಕು ಮಿರ್ಚಿ ಇದ್ದವು, ಇನ್ನೂ ಮೂರು ಮಿರ್ಚಿ ಬಂದವು, ಒಟ್ಟು ಏಳಾದವು. ನಿಮ್ಮ ಪ್ರಶ್ನೆಯಲ್ಲಿ ಹಾಗಿಲ್ಲ. ಅಲ್ಲಿ ಮೂರು ಎಂಬುದು ಮಿರ್ಚಿಗಳ ಲೆಕ್ಕ. ನಾಲ್ಕು ಎಂಬುದು ಮಿರ್ಚಿಗಳ ಲೆಕ್ಕವೇ ಅಲ್ಲ, ಗುಂಪುಗಳ ಲೆಕ್ಕ. ಗುಂಪನ್ನು ಎಣಿಸುವ ಸಂಖ್ಯೆಯೊಂದು ಇರಬಹುದು ಎಂಬ ವಿಚಾರವೇ ಮಗುವಿಗೆ ಹೊಸದು. ಆದ್ದರಿಂದ 'ತಪ್ಪು' ಎನ್ನುವ ಬದಲು 'ಏಳು ಏನು?' ಎಂದು ಕೇಳಿರಿ. ಏಳು ತಟ್ಟೆಯೆ? ಏಳು ಮಿರ್ಚಿಯೆ? ನೆಲದ ಮೇಲೆ ನಾಲ್ಕು ಎಲೆಗಳನ್ನು ಹಾಸಿ, ಒಂದೊಂದರ ಮೇಲೆ ಮೂರು ಹುಣಸೆ ಬೀಜಗಳನ್ನು ಇಡಿಸಿ, ಆ ಏಳು ಎಲ್ಲಿದೆ ಎಂದು ಮಗುವೇ ಹುಡುಕಲಿ. ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ, ಸಿಗದೆ ಇರುವುದನ್ನು ಮಗು ತಾನೇ ಕಾಣುತ್ತದೆ.

ಗುಣಾಕಾರದ ತಿರುಳು ಇಷ್ಟೇ: ಮೂರು ವಸ್ತುಗಳಿರುವ ಗುಂಪನ್ನು 'ಒಂದು' ಎಂದು ಎಣಿಸುವುದು ಮತ್ತು ಎಣಿಸುವಾಗ ಅದರೊಳಗೆ ಮೂರು ಇವೆ ಎಂಬುದನ್ನು ಮರೆಯದಿರುವುದು. ದೊಡ್ಡವರಿಗೆ ಇದು ಸಹಜವೆನಿಸುತ್ತದೆ. ಆದರೆ ಅಂಗನವಾಡಿಯಿಂದ ಒಂದನೆಯ ತರಗತಿಯವರೆಗೆ ನಾವು ಮಗುವಿಗೆ ಕಲಿಸಿದ್ದು ಇದಕ್ಕೆ ವಿರುದ್ಧವಾದದ್ದನ್ನು: ಒಂದು ವಸ್ತುವಿಗೆ ಒಂದೇ ಸಂಖ್ಯೆ, ಯಾವುದನ್ನೂ ಬಿಡಬಾರದು, ಯಾವುದನ್ನೂ ಎರಡು ಸಲ ಎಣಿಸಬಾರದು. ಅದನ್ನು ಶ್ರಮಪಟ್ಟು ಕಲಿತ ಮಗುವಿಗೆ ಈಗ ಒಂದು ಗುಂಪಿಗೆಲ್ಲ ಸೇರಿಸಿ ಒಂದೇ ಸಂಖ್ಯೆ ಹೇಳು ಎನ್ನುತ್ತಿದ್ದೇವೆ. ಮಗ್ಗಿಯನ್ನು ಎಷ್ಟು ಸಲ ಒಪ್ಪಿಸಿದರೂ ಈ ತಿರುವು ತಾನಾಗಿ ಬರುವುದಿಲ್ಲ, ಏಕೆಂದರೆ ಒಪ್ಪಿಸುವಾಗ ಮಗುವಿನ ಕಣ್ಣಿಗೆ ಯಾವ ಗುಂಪೂ ಕಾಣುತ್ತಿರುವುದಿಲ್ಲ. ಹಾಗೆಂದು ಮಗ್ಗಿಯನ್ನು ಬಿಡಬೇಕಾಗಿಲ್ಲ. ಗುಂಪು ಮೊದಲು, ಮಗ್ಗಿ ಆಮೇಲೆ ಎಂಬ ಕ್ರಮವನ್ನು ಹಿಡಿಯಬೇಕು, ಅಷ್ಟೆ.

ಕಥೆಗೆ ನಮ್ಮ ಭಾಗದ ಸೀಗೆ ಹುಣ್ಣಿಮೆಯನ್ನೇ ತೆಗೆದುಕೊಳ್ಳಿರಿ. ಅಜ್ಜಿ ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುತ್ತಾಳೆ. ಮನೆಮಂದಿಯೆಲ್ಲ ಚಕ್ಕಡಿ ಹೂಡಿಕೊಂಡು ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆಯನ್ನು ಹೊಲದಲ್ಲಿ ಚೆಲ್ಲಲು, ಹೊರಡಬೇಕು. ಹೊಲದಲ್ಲಿ ನಾಲ್ಕು ಮಂದಿ ಆಗಲೇ ಕೆಲಸದಲ್ಲಿದ್ದಾರೆ, ಅವರಿಗೂ ಬುತ್ತಿ ಒಯ್ಯಬೇಕು. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಆಗಬಾರದೆಂದು ಅಜ್ಜಿ ಒಂದೊಂದು ಬುತ್ತಿಗೂ ಮೂರ್ಮೂರು ರೊಟ್ಟಿ ಇಟ್ಟು ಗಂಟು ಕಟ್ಟುತ್ತಾಳೆ. ತರಗತಿಯಲ್ಲಿ ರಟ್ಟಿನ ದುಂಡನೆಯ ರೊಟ್ಟಿಗಳೂ ಹಳೆಯ ಬಟ್ಟೆಯ ಚೌಕಗಳೂ ಸಾಕು. ಮೊದಲ ದಿನ ಮಕ್ಕಳು ಬುತ್ತಿ ಕಟ್ಟಲಿ, ಬಿಚ್ಚಲಿ, ಮತ್ತೆ ಕಟ್ಟಲಿ. ಒಟ್ಟು ಎಷ್ಟು ಎಂದು ಅಂದು ಕೇಳಬೇಡಿ. 'ಎಷ್ಟು ಗಂಟು? ಗಂಟಿಗೆ ಎಷ್ಟು ರೊಟ್ಟಿ?' ಎಂಬ ಎರಡು ಪ್ರಶ್ನೆಗಳನ್ನು ಮಾತ್ರ, ಬೇರೆ ಬೇರೆಯಾಗಿ, ಪ್ರತಿ ಸಲವೂ ಕೇಳಿರಿ. ಮರುದಿನ ಗಂಟುಗಳನ್ನು ಕಟ್ಟಿಯೇ ಇಟ್ಟು ಒಟ್ಟು ರೊಟ್ಟಿ ಎಷ್ಟೆಂದು ಕೇಳಿರಿ. ಬಟ್ಟೆಯೊಳಗಿನ ರೊಟ್ಟಿ ಕಾಣುವುದಿಲ್ಲವಾದ್ದರಿಂದ ಒಂದೊಂದಾಗಿ ಮುಟ್ಟಿ ಎಣಿಸುವ ದಾರಿ ಮಗುವಿಗೆ ಮುಚ್ಚಿಹೋಗುತ್ತದೆ. ಗಂಟಿನ ಮೇಲೆ ಕೈಯಿಟ್ಟು 'ಮೂರು', ಮುಂದಿನದರ ಮೇಲೆ ಕೈಯಿಟ್ಟು 'ಆರು' ಎನ್ನದೆ ಬೇರೆ ದಾರಿಯಿರುವುದಿಲ್ಲ. ಕೆಲವು ಮಕ್ಕಳು ಗಂಟು ಬಿಚ್ಚಿ ನೋಡಬೇಕೆಂದು ಹಟ ಹಿಡಿಯುತ್ತಾರೆ. ಬಿಚ್ಚಲು ಬಿಡಿ. ನೋಡಿ ನಂಬಿಕೆ ಬಂದಮೇಲೆ ಅವರೇ ಬಿಚ್ಚುವುದನ್ನು ನಿಲ್ಲಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಕಟ್ಟಿದ ಗಂಟು ಇಡೀ ಪಾಠದ ಅತ್ಯಂತ ಮುಖ್ಯವಾದ ಸಾಮಗ್ರಿ. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಗುಣಾಕಾರಕ್ಕೆಂದು ಹೆಣೆಯುವ ಎಷ್ಟೋ ಕಥೆಗಳು ನಿಷ್ಪ್ರಯೋಜಕವಾಗುವುದು ಅವುಗಳಲ್ಲಿ ಸಂಖ್ಯೆಗಳನ್ನು ಹೊರಗಿನಿಂದ ಅಂಟಿಸಿರುವುದರಿಂದ. ಮರದ ಮೇಲೆ ಐದು ಕೊಂಬೆ, ಒಂದೊಂದು ಕೊಂಬೆಯ ಮೇಲೆ ನಾಲ್ಕು ಗಿಳಿ ಎಂದರೆ ಮಗು ಕೇಳಿಕೊಳ್ಳುತ್ತದೆ, ಆದರೆ ಗಿಳಿಗಳು ಸಮನಾಗಿಯೇ ಏಕೆ ಕುಳಿತವು ಎಂಬುದಕ್ಕೆ ಕಥೆಯಲ್ಲಿ ಕಾರಣವಿಲ್ಲ. ಬುತ್ತಿಯ ಕಥೆಯಲ್ಲಿ ಕಾರಣವಿದೆ: ಸಮನಾಗಿರದಿದ್ದರೆ ಯಾರೋ ಒಬ್ಬರು ಅರೆಹೊಟ್ಟೆಯಲ್ಲಿ ಏಳಬೇಕಾಗುತ್ತದೆ. ಒಟ್ಟು ಎಷ್ಟೆಂದು ತಿಳಿಯಬೇಕಾದ ಅಗತ್ಯವೂ ಅಲ್ಲಿದೆ, ಏಕೆಂದರೆ ಅಷ್ಟು ರೊಟ್ಟಿಗೆ ಬೇಕಾಗುವ ಹಿಟ್ಟನ್ನು ಅಜ್ಜಿ ಮೊದಲೇ ಅಂದಾಜು ಮಾಡಬೇಕು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳೂ ಒಳ್ಳೆಯ ವಸ್ತುವೇ. ಮಕ್ಕಳು ತಾವೇ ಮಣ್ಣಿನಲ್ಲಿ ಮಾಡಿದ ಎತ್ತುಗಳನ್ನು ಜೋಡಿ ಜೋಡಿಯಾಗಿ ನಿಲ್ಲಿಸಿ 'ಆರು ಜೋಡಿ, ಎತ್ತು ಎಷ್ಟು?' ಎಂದು ಎಣಿಸಬಹುದು. ಎತ್ತಿಗೆ ಜೋಡಿಯೇ ಇರಬೇಕು ಎಂಬುದು ರೈತರ ಮನೆಯ ಮಗುವಿಗೆ ಯಾರೂ ವಿವರಿಸಬೇಕಾಗಿಲ್ಲದ ಮಾತು. ಜೋಡಿಗೆ ಎಂಟು ಕಾಲು ಎಂಬ ಲೆಕ್ಕವನ್ನು ಮಾತ್ರ ಮೂರನೆಯ ತರಗತಿಗೆ ಇಟ್ಟುಕೊಳ್ಳಿರಿ, ಏಕೆಂದರೆ ಅದು ಗುಂಪಿನೊಳಗಿನ ಗುಂಪು.

ಮೊದಲ ವಾರದಲ್ಲಿಯೇ ಅಸಮ ಗುಂಪನ್ನೂ ತೋರಿಸಬೇಕು. ಚಿತ್ರಗಳಲ್ಲಿ ಯಾವಾಗಲೂ ಸಮ ಗುಂಪುಗಳನ್ನೇ ಕಂಡ ಮಗುವಿಗೆ 'ಸಮ' ಎಂಬ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ತಟ್ಟುವುದಿಲ್ಲ. ಇದಕ್ಕೆ ನಮ್ಮ ಹೊಲದ ಶೇಂಗಾಕ್ಕಿಂತ ಉತ್ತಮವಾದದ್ದು ನನಗೆ ತೋಚುವುದಿಲ್ಲ. ಒಬ್ಬೊಬ್ಬ ಮಗುವಿಗೆ ಐದೈದು ಕಾಯಿ ಕೊಡಿ, ಸುಲಿಯುವ ಮೊದಲು ಒಟ್ಟು ಎಷ್ಟು ಬೀಜ ಬರಬಹುದೆಂದು ಕೇಳಿ. ಕಾಯಿಗೆ ಎರಡೆರಡು ಬೀಜವೆಂದು ಹತ್ತು ಎನ್ನುವ ಮಕ್ಕಳು ಇರುತ್ತಾರೆ. ಸುಲಿದು ನೋಡಿದರೆ ಒಂದು ಕಾಯಿಯಲ್ಲಿ ಒಂದೇ ಬೀಜ, ಇನ್ನೊಂದರಲ್ಲಿ ಮೂರು. ಹತ್ತು ಬಂದವರೂ ಇರುತ್ತಾರೆ, ಒಂಬತ್ತೋ ಹನ್ನೊಂದೋ ಬಂದವರೂ ಇರುತ್ತಾರೆ. 'ಬುತ್ತಿಯ ಲೆಕ್ಕ ತಪ್ಪಲಿಲ್ಲ, ಶೇಂಗಾದ ಲೆಕ್ಕ ಏಕೆ ತಪ್ಪಿತು?' ಎಂದು ಕೇಳಿ ಮಕ್ಕಳು ಮಾತಾಡಿಕೊಳ್ಳಲು ಸಮಯ ಕೊಡಿ. ಆ ಚರ್ಚೆಯ ನಂತರ ಕೆಲವು ಚಿತ್ರಗಳನ್ನು ಮುಂದಿಟ್ಟು, ಎರಡರಂತೆ ಅಥವಾ ಮೂರರಂತೆ ಜಿಗಿದು ಎಣಿಸಬಹುದಾದವು ಯಾವುವು, ಒಂದೊಂದಾಗಿಯೇ ಎಣಿಸಬೇಕಾದವು ಯಾವುವು ಎಂದು ಬೇರ್ಪಡಿಸಲು ಹೇಳಿ.

ಮಾತಿನ ವಿಷಯದಲ್ಲಿ ಕನ್ನಡದ ಮಕ್ಕಳಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ನಾವು ತರಗತಿಯಲ್ಲಿ ಸಾಕಷ್ಟು ಬಳಸುವುದಿಲ್ಲ. ಎರಡೆರಡು, ಮೂರ್ಮೂರು, ಐದೈದು, ಹತ್ಹತ್ತು ಎಂದು ಮಕ್ಕಳು ಮನೆಯಲ್ಲಿ ದಿನವೂ ಆಡುತ್ತಾರೆ. ಹಂಚುವಾಗ 'ಎಲ್ಲಾರಿಗೂ ಎರಡೆರಡು ಕೊಡು' ಎನ್ನುತ್ತಾರೆ. ಸಮ ಗುಂಪಿನ ಕಲ್ಪನೆ ಆ ಮಾತಿನೊಳಗೇ ಇದೆ. 'ಪ್ರತಿಯೊಂದರಲ್ಲಿಯೂ ಸಮಾನ ಸಂಖ್ಯೆಯ ವಸ್ತುಗಳಿರುವ ಗುಂಪುಗಳು' ಎಂಬ ಪುಸ್ತಕದ ಮಾತಿನ ಬದಲು 'ನಾಲ್ಕು ತಟ್ಟೆ, ತಟ್ಟೆಗೆ ಮೂರ್ಮೂರು ಮಿರ್ಚಿ' ಎಂಬ ವಾಕ್ಯವನ್ನು ಹಲವು ದಿನ ಆಡಿಸಿರಿ. ಗುಣಾಕಾರದ ಚಿಹ್ನೆಯನ್ನು ಪರಿಚಯಿಸುವುದು ಆಮೇಲೆ, ಮಗು ಆಗಲೇ ಸಲೀಸಾಗಿ ಆಡುತ್ತಿರುವ ವಾಕ್ಯವನ್ನು ಚಿಕ್ಕದಾಗಿ ಬರೆಯುವ ಉಪಾಯವಾಗಿ. ಇಲ್ಲಿ ಶಿಕ್ಷಕರನ್ನು ಕಾಡುವ ಒಂದು ಗೊಂದಲವಿದೆ. 'ಮೂರು ನಾಲ್ಕಲೆ ಹನ್ನೆರಡು' ಎಂಬ ಮಗ್ಗಿಯಲ್ಲಿ ಗುಂಪಿನ ಗಾತ್ರವಾದ ಮೂರು ಮೊದಲು ಬರುತ್ತದೆ, ಗುಂಪುಗಳ ಸಂಖ್ಯೆ ನಂತರ ಬೆಳೆಯುತ್ತ ಹೋಗುತ್ತದೆ. ಆದರೆ ಕೆಲವು ಪಾಠಗಳು ಗುಂಪುಗಳ ಸಂಖ್ಯೆಯನ್ನೇ ಮೊದಲು ಬರೆದು, ಅದನ್ನೇ 4 × 3 ಎನ್ನುತ್ತವೆ. ಈ ಹಂತದಲ್ಲಿ ಮಗು ಯಾವ ಕ್ರಮದಲ್ಲಿ ಬರೆದರೂ ಅಂಕ ಕಳೆಯಬೇಡಿ. ಬರೆದದ್ದರ ಕಥೆ ಹೇಳಿಸಿರಿ. ಯಾವ ಸಂಖ್ಯೆ ಗಂಟುಗಳದ್ದು, ಯಾವುದು ರೊಟ್ಟಿಗಳದ್ದು ಎಂದು ಮಗು ಹೇಳಬಲ್ಲದಾದರೆ ಬರಹ ಸರಿಯಾಗಿಯೇ ಇದೆ.

ಜಿಗಿದು ಎಣಿಸುವುದನ್ನು ಪಿಸುಮಾತು ಮತ್ತು ಗಟ್ಟಿದನಿಯಿಂದ ಅಭ್ಯಾಸ ಮಾಡಿಸಬಹುದು: ಒಂದು, ಎರಡು ಎಂದು ಪಿಸುಗುಟ್ಟಿ ಮೂರು ಎಂದು ಗಟ್ಟಿಯಾಗಿ ಕೂಗುವುದು, ನಾಲ್ಕು, ಐದು ಎಂದು ಪಿಸುಗುಟ್ಟಿ ಆರು ಎಂದು ಕೂಗುವುದು. ಕೂಗಿದಾಗೆಲ್ಲ ಒಂದು ಬೆರಳು ಮಡಚಬೇಕು. ಕೊನೆಗೆ ಬಾಯಲ್ಲಿರುವುದು ಒಟ್ಟು ಸಂಖ್ಯೆ, ಕೈಯಲ್ಲಿರುವುದು ಗುಂಪುಗಳ ಸಂಖ್ಯೆ. ಎರಡು ಎಣಿಕೆಗಳು ಒಟ್ಟಿಗೆ ನಡೆಯುವುದು ಮಗುವಿನ ದೇಹಕ್ಕೇ ಗೊತ್ತಾಗುತ್ತದೆ.

ಆಟಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಅಳಗುಳಿಮಣೆಗೆ. ಸಾಮಾನ್ಯವಾದ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ನಾಲ್ಕು ನಾಲ್ಕು ಬೀಜ ತುಂಬಿದರೆ ಒಂದು ಸಾಲಿಗೆ 28, ಎರಡೂ ಸಾಲಿಗೆ 56. ಐದೈದು ತುಂಬಿದರೆ 35 ಮತ್ತು 70. ತುಂಬುವುದೇ ಸಮ ಗುಂಪು ಮಾಡುವ ಕೆಲಸ, ಅದನ್ನು ಮಕ್ಕಳು ಬೇಸರವಿಲ್ಲದೆ ಮಾಡುತ್ತಾರೆ, ಏಕೆಂದರೆ ತುಂಬದೆ ಆಟ ಆರಂಭವಾಗುವುದಿಲ್ಲ. ಏಳು ಗುಳಿಯ ಲೆಕ್ಕ ಮಕ್ಕಳಿಗೆ ಕಷ್ಟ. ಐದನೆಯ ಗುಳಿಯ ಪಕ್ಕ ಒಂದು ಕಡ್ಡಿ ಇಟ್ಟು, 'ಐದು ಗುಳಿಯದು ಎಷ್ಟು? ಉಳಿದ ಎರಡರದು ಎಷ್ಟು?' ಎಂದು ಕೇಳಿದರೆ ಇಪ್ಪತ್ತು ಮತ್ತು ಎಂಟು ಸೇರಿ 28 ಆಗುತ್ತದೆ. ದೊಡ್ಡ ಲೆಕ್ಕವನ್ನು ಗೊತ್ತಿರುವ ಎರಡು ಚಿಕ್ಕ ಲೆಕ್ಕಗಳಾಗಿ ಒಡೆಯುವ ಈ ಉಪಾಯ ಮುಂದೆ ಎರಡಂಕಿಯ ಗುಣಾಕಾರದವರೆಗೂ ಅವರ ಜೊತೆ ಬರುತ್ತದೆ. ಆಟ ಆರಂಭವಾಗಿ ಒಬ್ಬರು ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋದ ಕೂಡಲೇ ಸಮತೆ ಮುರಿಯುತ್ತದೆ. ಆಗ ಅರೆಕ್ಷಣ ಆಟ ನಿಲ್ಲಿಸಿ 'ಈಗ ಈ ಸಾಲನ್ನು ನಾಲ್ಕರ ಮಗ್ಗಿಯಿಂದ ಎಣಿಸಬಹುದೆ?' ಎಂದು ಕೇಳಿದರೆ ಶೇಂಗಾದ ಪಾಠ ಮತ್ತೊಮ್ಮೆ ಆಗುತ್ತದೆ. ಒಂದು ಸುತ್ತು ಮುಗಿದಮೇಲಿನ ಭಾಗ ಇನ್ನೂ ಸೊಗಸಾದದ್ದು. ಗೆದ್ದ ಬೀಜಗಳಿಂದ ತಮ್ಮ ತಮ್ಮ ಗುಳಿಗಳನ್ನು ಮತ್ತೆ ತುಂಬಬೇಕು, ತುಂಬಲಾಗದ ಗುಳಿ ಮುಚ್ಚಿಹೋಗುತ್ತದೆ ಎಂಬ ನಿಯಮ ಹಲವು ಕಡೆ ಇದೆ. ಒಬ್ಬಳಿಗೆ 31 ಬೀಜ, ಇನ್ನೊಬ್ಬಳಿಗೆ 25 ಬಂದಿವೆ ಎನ್ನೋಣ. ಮೊದಲನೆಯವಳ ಏಳೂ ಗುಳಿ ತುಂಬಿ ಮೂರು ಬೀಜ ಉಳಿಯುತ್ತವೆ. ಎರಡನೆಯವಳದು ಆರೇ ಗುಳಿ ತುಂಬಿ ಒಂದು ಬೀಜ ಉಳಿಯುತ್ತದೆ. ಇದು ಶೇಷವಿರುವ ಭಾಗಾಕಾರ. ಭಾಗಾಕಾರವೆಂಬ ಹೆಸರನ್ನು ನೀವು ಹೇಳುವ ಮೊದಲೇ ಮಕ್ಕಳು ಅದನ್ನು ಆಡಿ ಮುಗಿಸಿರುತ್ತಾರೆ. ಮಣೆ ಇಲ್ಲದಿದ್ದರೆ ಅಂಗಳದಲ್ಲಿ ಸುಣ್ಣದಿಂದ ಎರಡು ಸಾಲಿನಲ್ಲಿ ಹದಿನಾಲ್ಕು ದುಂಡನೆಯ ಮನೆ ಬರೆದರೂ ಆಗುತ್ತದೆ.

ಇನ್ನೊಂದು ಆಟಕ್ಕೆ ಎರಡು ದಾಳಗಳು ಬೇಕು. ಇದನ್ನು ಗಿರ್ಮಿಟ್ ಅಂಗಡಿಯ ಆಟವೆಂದು ಕರೆಯಿರಿ. ಕೆಂಪು ದಾಳ ತಟ್ಟೆಗಳ ಸಂಖ್ಯೆ ಹೇಳುತ್ತದೆ, ಬಿಳಿಯ ದಾಳ ತಟ್ಟೆಗೆ ಎಷ್ಟು ಮಿರ್ಚಿ ಎಂಬುದನ್ನು ಹೇಳುತ್ತದೆ. ಮಗು ಪಾಟಿಯ ಮೇಲೆ ಅಷ್ಟು ದುಂಡು ಬರೆದು, ಒಂದೊಂದರಲ್ಲಿ ಅಷ್ಟಷ್ಟು ಗೆರೆ ಎಳೆದು, 'ಐದು ತಟ್ಟೆ, ತಟ್ಟೆಗೆ ಎರಡೆರಡು, ಒಟ್ಟು ಹತ್ತು' ಎಂದು ಗಿರಾಕಿಗೆ ಹೇಳಬೇಕು. ಬಿಳಿಯ ದಾಳದ ಒಂದು ಮುಖಕ್ಕೆ ಕಾಗದ ಅಂಟಿಸಿ ಸೊನ್ನೆ ಮಾಡಿರಿ. ಆರು ತಟ್ಟೆ ಬಂದು ಮಿರ್ಚಿ ಸೊನ್ನೆ ಬಿದ್ದಾಗ ಮಕ್ಕಳು ನಗುತ್ತಾರೆ, 6 × 0 ಏಕೆ 6 ಅಲ್ಲ ಎಂಬುದು ಆ ನಗುವಿನಲ್ಲಿಯೇ ತಿಳಿದುಹೋಗುತ್ತದೆ. ಇದೇ ಆಟದಲ್ಲಿ ಯಾರಾದರೊಬ್ಬರು ಎರಡು ತಟ್ಟೆಗೆ ಐದೈದು ಹಾಕಿದರೂ ಐದು ತಟ್ಟೆಗೆ ಎರಡೆರಡು ಹಾಕಿದರೂ ಹತ್ತೇ ಬರುವುದನ್ನು ಗಮನಿಸುತ್ತಾರೆ. ಗಮನಿಸುವವರೆಗೆ ನೀವಾಗಿ ಹೇಳಬೇಡಿ. ಚಿತ್ರಗಳು ಬೇರೆ, ತಿನ್ನುವವರಿಗೆ ಸಿಗುವ ಪಾಲೂ ಬೇರೆ, ಆದರೂ ಒಟ್ಟು ಒಂದೇ ಏಕೆ ಎಂಬುದು ನಿಜವಾಗಿಯೂ ಆಶ್ಚರ್ಯಪಡಬೇಕಾದ ವಿಷಯ.

ಆ ಆಶ್ಚರ್ಯಕ್ಕೆ ಉತ್ತರ ಸಿಗುವುದು ಗುಂಪುಗಳನ್ನು ಸಾಲಾಗಿ ಜೋಡಿಸಿದಾಗ. ಹೆಣ್ಣುಮಕ್ಕಳಷ್ಟೇ ಅಲ್ಲ, ಎಲ್ಲ ಮಕ್ಕಳೂ ನೆಲದ ಮೇಲೆ ಚುಕ್ಕೆ ರಂಗೋಲಿಗೆ ಚುಕ್ಕೆ ಇಡಲಿ: ನಾಲ್ಕು ಸಾಲು, ಸಾಲಿಗೆ ಆರು ಚುಕ್ಕೆ. ಒಬ್ಬ ಮಗು ಬಾಗಿಲ ಕಡೆಯಿಂದ, ಇನ್ನೊಂದು ಮಗು ಪಕ್ಕದಿಂದ ನೋಡಲಿ. ಒಬ್ಬರಿಗೆ ಆರರ ನಾಲ್ಕು ಸಾಲು, ಇನ್ನೊಬ್ಬರಿಗೆ ನಾಲ್ಕರ ಆರು ಸಾಲು. ಚುಕ್ಕೆಗಳು ಮಾತ್ರ ಅವೇ 24. ಶಾಲೆಗೆ ಬರುವ ಮೊಟ್ಟೆಯ ಟ್ರೇ ಕೂಡ ಇದಕ್ಕೆ ಒದಗುತ್ತದೆ, ಅದರಲ್ಲಿ ಆರು ಸಾಲು, ಸಾಲಿಗೆ ಐದು ಕುಳಿ. ಪಗಡೆಯ ಹಾಸು ಸಿಕ್ಕರೆ ಇನ್ನೂ ಒಳ್ಳೆಯದು: ಅದರ ಒಂದು ತೋಳಿನಲ್ಲಿ ಎಂಟೆಂಟು ಮನೆಗಳ ಮೂರು ಸಾಲು, ಅಂದರೆ 24, ನಾಲ್ಕು ತೋಳು ಸೇರಿ 96. ನಮ್ಮ ನವಲಗುಂದದ ಜಮಖಾನಗಳ ಚೌಕ ಚೌಕದ ವಿನ್ಯಾಸಗಳಲ್ಲಿಯೂ ಮಕ್ಕಳು ಇಂಥ ಸಾಲುಗಳನ್ನು ಹುಡುಕಬಹುದು. ಏನೂ ಇಲ್ಲದಿದ್ದರೆ ಅಂಗೈ ಸಾಕು. ಹೆಬ್ಬೆರಳನ್ನು ಬಿಟ್ಟು ನಾಲ್ಕು ಬೆರಳು, ಬೆರಳಿಗೆ ಮೂರು ಭಾಗ; ಅಜ್ಜಿಯರು ಹೆಬ್ಬೆರಳನ್ನು ಓಡಿಸುತ್ತ ಹನ್ನೆರಡು ಎಣಿಸುವುದು ಹೀಗೆಯೇ.

ವಸ್ತುವನ್ನು ಮುಟ್ಟುವುದು, ಚಿತ್ರ ಬರೆಯುವುದು, ಚಿಹ್ನೆಯಲ್ಲಿ ಹೇಳುವುದು ಎಂಬ ಈ ಕ್ರಮವನ್ನು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ವಿವರಿಸಿದರು. ಆದರೆ ಒಂದನ್ನು ಮುಗಿಸಿ ಬಾಗಿಲು ಹಾಕಿ ಇನ್ನೊಂದಕ್ಕೆ ಹೋಗಬೇಕೆಂದು ಇದರ ಅರ್ಥವಲ್ಲ. ಚಿಹ್ನೆಯಲ್ಲಿ ಎಡವಿದ ಮಗು ಮತ್ತೆ ಬೀಜಗಳಿಗೆ ಮರಳಲು ಹಿಂಜರಿಯದಂತೆ ನೋಡಿಕೊಳ್ಳಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಸರಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಲ್ಲಿ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿಯುವುದರಿಂದ, ಒಂದು ಗುಂಪು ಮಣೆ ಆಡುತ್ತಿರುವಾಗ ನೀವು ಇನ್ನೊಂದು ಗುಂಪಿನ ಜೊತೆ ಬುತ್ತಿ ಕಟ್ಟುತ್ತ ಕೂರಬಹುದು. ಆ ವ್ಯವಸ್ಥೆ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ.

ಇನ್ನು ಮಗ್ಗಿ ಮತ್ತು ಪಾಲಕರ ಮಾತು. ಪಾಲಕರು ಕೇಳುವುದರಲ್ಲಿ ತಪ್ಪಿಲ್ಲ. ನಾಲ್ಕನೆಯ ತರಗತಿಯಲ್ಲಿ ದೊಡ್ಡ ಗುಣಾಕಾರ ಮಾಡುವಾಗ ಏಳು ಎಂಟಲೆ ಎಷ್ಟೆಂದು ಪ್ರತಿ ಸಲವೂ ಬೀಜ ಜೋಡಿಸುತ್ತ ಕೂರಲಾಗುವುದಿಲ್ಲ. ಅದು ನಾಲಿಗೆಯ ತುದಿಯಲ್ಲಿರಬೇಕು. ಆದರೆ ಗುಂಪುಗಳನ್ನು ಬಲ್ಲ ಮಗುವಿಗೆ ಬಾಯಿಪಾಠದ ಹೊರೆ ಬಹಳ ಕಡಿಮೆ ಎಂಬುದನ್ನು ಪಾಲಕರ ಸಭೆಯಲ್ಲಿ ಲೆಕ್ಕ ಹಾಕಿಯೇ ತೋರಿಸಿರಿ. ಒಂದರಿಂದ ಹತ್ತರವರೆಗಿನ ಮಗ್ಗಿಗಳಲ್ಲಿ 100 ಸಾಲುಗಳಿವೆ. ರಂಗೋಲಿಯನ್ನು ಎರಡು ಕಡೆಯಿಂದ ನೋಡಿದ ಮಗುವಿಗೆ ಆರು ನಾಲ್ಕಲೆ ಮತ್ತು ನಾಲ್ಕು ಆರಲೆ ಒಂದೇ ಆದ್ದರಿಂದ ಕಲಿಯಬೇಕಾದವು 55 ಮಾತ್ರ. ಒಂದು, ಎರಡು, ಐದು, ಹತ್ತರ ಮಗ್ಗಿಗಳು ಬೇಗ ಬರುತ್ತವೆ. ಅವನ್ನು ತೆಗೆದರೆ ಉಳಿಯುವುದು 21. ನಾಲ್ಕರದನ್ನು ಎರಡರ ಮಗ್ಗಿಯ ದುಪ್ಪಟ್ಟು ಮಾಡಿ, ಒಂಬತ್ತರದನ್ನು ಹತ್ತರ ಮಗ್ಗಿಯಿಂದ ಒಂದು ಗುಂಪು ಕಳೆದು ತೆಗೆಯಬಹುದೆಂದು ತಿಳಿದ ಮಗುವಿಗೆ ನಿಜವಾಗಿ ಉರುಹೊಡೆಯಬೇಕಾದವು ಹತ್ತೇ ಹತ್ತು. ಆದ್ದರಿಂದ ಮಗ್ಗಿಯ ಕ್ರಮವನ್ನು ಎರಡು, ಐದು, ಹತ್ತು, ನಾಲ್ಕು, ಮೂರು ಎಂದು ಬದಲಿಸಿರಿ. ಎರಡು ಮುಗಿಯಿತೆಂದು ಮೂರಕ್ಕೆ ಹೋಗಬೇಕಾದ ನಿಯಮವೇನೂ ಇಲ್ಲ. ಒಪ್ಪಿಸುವಾಗ ನಡುವೆ ತಡೆದು ಕೇಳುವ ಅಭ್ಯಾಸವನ್ನೂ ಇಟ್ಟುಕೊಳ್ಳಿರಿ: 'ಐದು ಆರಲೆ ಮೂವತ್ತು ಎಂದೆಯಲ್ಲ, ಮೂವತ್ತಕ್ಕೆ ಏನು ಕೂಡಿದರೆ ಐದು ಏಳಲೆ ಬರುತ್ತದೆ?' ಮೊದಲಿನಿಂದ ಮತ್ತೆ ಒಪ್ಪಿಸದೆ ಅಲ್ಲಿಂದಲೇ ಮುಂದೆ ಹೋಗಬಲ್ಲ ಮಗುವಿನ ಮಗ್ಗಿಯಲ್ಲಿ ಜೀವವಿದೆ.

ಮಕ್ಕಳಿಗೆ ಅರ್ಥವಾಗಿದೆಯೇ ಎಂದು ತಿಳಿಯಲು ಬರಹದ ಪರೀಕ್ಷೆ ಬೇಡ, ಮೂರು ಪ್ರಶ್ನೆ ಸಾಕು. 4 × 3 ಎಂದು ಬರೆದು ಕೊಟ್ಟು ಅದಕ್ಕೊಂದು ಕಥೆ ಹೇಳಿಸಿರಿ; ಗುಂಪು ಯಾವುದು, ಗುಂಪಿನಲ್ಲಿರುವುದು ಯಾವುದು ಎಂಬುದು ಕಥೆಯಲ್ಲಿ ಇರಬೇಕು. ಸಮವಲ್ಲದ ಗುಂಪುಗಳ ಚಿತ್ರವೊಂದನ್ನು ತೋರಿಸಿ ಒಟ್ಟು ಕೇಳಿರಿ. ಕಣ್ಣುಮುಚ್ಚಿ ಮಗ್ಗಿ ಹೇಳದೆ 'ಇದು ಸಮ ಇಲ್ರಿ' ಎನ್ನಬೇಕು. ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು. ಐದು ಗಂಟು ಬುತ್ತಿ, ಗಂಟಿಗೆ ನಾಲ್ಕು ನಾಲ್ಕು ರೊಟ್ಟಿ, ಒಟ್ಟು 20 ಆಯಿತು. ಅಜ್ಜಿ ಅಂಥದೇ ಇನ್ನೊಂದು ಗಂಟು ಕಟ್ಟಿ ಇಟ್ಟಳು, ಈಗ ಎಷ್ಟು? 24 ಎಂದ ಮಗು ಗುಂಪನ್ನು ಒಂದಾಗಿಯೂ ನಾಲ್ಕಾಗಿಯೂ ಒಟ್ಟಿಗೆ ಹಿಡಿದಿದೆ, ಅದನ್ನು ಧಾರಾಳವಾಗಿ ಮಗ್ಗಿಗೆ ಕಳಿಸಬಹುದು. 21 ಎಂದ ಮಗು ಗಂಟನ್ನು ಎಣಿಸುವಾಗ ಒಳಗಿನ ರೊಟ್ಟಿಯನ್ನು ಮರೆತಿದೆ. ಅಂಥ ಮಕ್ಕಳನ್ನು ಇನ್ನೂ ಕೆಲವು ದಿನ ಬುತ್ತಿ ಕಟ್ಟುವ ಗುಂಪಿನಲ್ಲಿಯೇ ಕೂರಿಸಿ, ಈ ಸಲ ಗಂಟಿಗೆ ಎರಡೇ ರೊಟ್ಟಿಯಿಂದ ಆರಂಭಿಸಿ, ಪ್ರತಿ ಗಂಟು ಸೇರಿಸುವ ಮುನ್ನ ಒಟ್ಟು ಎಷ್ಟಾಗಬಹುದೆಂದು ಮೊದಲೇ ಹೇಳಿಸಿ, ಆಮೇಲೆ ಬಿಚ್ಚಿ ನೋಡಲು ಬಿಡಿ.